ಕಂಪೈಲರ್ ಬೆಳೆದು ಬಂದ ದಾರಿ ಮತ್ತು ನಮ್ಮ ಕನ್ನಡ

ನಾನು ಓದಿದ ಶಾಲೆಗೆ ಐವತ್ತು ವರ್ಷ ತುಂಬಿದೆ. ಈ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಲು ಕೇಳಿದ ಗುರುಗಳು ಒಂದು ಷರತ್ತನ್ನೂ ಹಾಕಿದರು: "ನಿನ್ನ ಕೆಲಸದ ವಿಷಯವನ್ನೇ ಬರಿ, ಆದರೆ ಊರಿನವರಿಗೂ ಅರ್ಥವಾಗಬೇಕು." ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯುವ ಇತರರಿಗೆ ಬೇಕಾದ ಉಪಕರಣಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಬಡಗಿಗೆ ಉಳಿ, ರೈತನಿಗೆ ಗುಳ ಮಾಡಿಕೊಡುವ ಕಮ್ಮಾರನ ಕೆಲಸ ಎನ್ನಬಹುದು. ಈ ಉಪಕರಣಗಳಲ್ಲಿ ಹಿರಿಯದು ಕಂಪೈಲರ್. ಅದರ ಇತಿಹಾಸವನ್ನು ನಮ್ಮ ಶಾಲೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಅದಕ್ಕೆ ಕಾರಣವಿದೆ. ಕಂಪ್ಯೂಟರ್ ಎಂದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರ ಸೊತ್ತು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನೊಬ್ಬ ಗಣಿತದಲ್ಲಿ ನನಗಿಂತ ಎಷ್ಟೋ ಮುಂದಿದ್ದ. ಪಿ.ಯು.ಸಿ.ಯಲ್ಲಿ ಕಂಪ್ಯೂಟರ್ ವಿಜ್ಞಾನ ತೆಗೆದುಕೊಳ್ಳಲು ಹೋದವನು, "ನಮ್ಮಂಥವರಿಗಲ್ಲ ಕಣೋ, ಅದೆಲ್ಲ ಇಂಗ್ಲಿಷು" ಎಂದು ಹಿಂದೆ ಸರಿದ. ಇಂದು ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಾನೆ, ಚೆನ್ನಾಗಿಯೇ ಇದ್ದಾನೆ. ಆದರೆ ಅವನು ಅಂದು ಹೇಳಿದ ಮಾತು ಸರಿಯೇ? ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಕಂಪೈಲರ್ ಎಂದರೇನು?

ಕಂಪ್ಯೂಟರ್‌ನ ಯಂತ್ರಭಾಗಕ್ಕೆ ಇಂಗ್ಲಿಷ್ ಕೂಡ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ನಾವು ಬರೆದದ್ದನ್ನು ಆ ಸೊನ್ನೆ ಒಂದುಗಳ ಆಜ್ಞೆಗಳಾಗಿ ಬದಲಾಯಿಸಿಕೊಡುವ ಅನುವಾದಕನೇ ಕಂಪೈಲರ್.

ನಮ್ಮ ಜಿಲ್ಲೆಯವರಿಗೆ ಅನುವಾದ ಹೊಸದಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಕೀರ್ತನೆ ರಚಿಸಿದರು. ಚಿಂತಾಮಣಿಯ ಮಾರುಕಟ್ಟೆಗೆ ಆಂಧ್ರದ ವ್ಯಾಪಾರಿ ಬಂದಾಗ ಎರಡೂ ಭಾಷೆ ಬಲ್ಲವನೊಬ್ಬ ನಡುವೆ ನಿಂತು ಒಂದೊಂದೇ ಮಾತನ್ನು ಆಗಿಂದಾಗಲೇ ಹೇಳುತ್ತಾನೆ. ಹೀಗೆ ಸಾಲು ಸಾಲಾಗಿ ಅನುವಾದಿಸಿ ಅಲ್ಲಿಯೇ ಕೆಲಸ ಮಾಡಿಸುವ ಸಾಧನಕ್ಕೆ ಇಂಟರ್‌ಪ್ರಿಟರ್ ಎನ್ನುತ್ತಾರೆ. ಜಮೀನಿನ ಪತ್ರವನ್ನಾದರೆ ಮೊದಲಿನಿಂದ ಕೊನೆಯವರೆಗೆ ಓದಿ, ಪೂರ್ತಿ ಅನುವಾದ ಮಾಡಿಸಿ, ಆಮೇಲೆ ಬಳಸುತ್ತೇವೆ. ಕಂಪೈಲರ್ ಮಾಡುವುದು ಈ ಎರಡನೆಯ ಬಗೆಯ ಕೆಲಸ.

ಈ ಕೆಲಸ ಹಂತ ಹಂತವಾಗಿ ನಡೆಯುತ್ತದೆ. "ಮೊತ್ತ = 2 + 3 * 4" ಎಂಬ ಸಾಲನ್ನು ತೆಗೆದುಕೊಳ್ಳೋಣ. ಇಲ್ಲಿ ನಕ್ಷತ್ರದ ಗುರುತು ಗುಣಾಕಾರಕ್ಕೆ. ಮೊದಲ ಹಂತದಲ್ಲಿ ಕಂಪೈಲರ್ ಇದನ್ನು ಏಳು ತುಣುಕುಗಳಾಗಿ ಬಿಡಿಸುತ್ತದೆ: ಮೊತ್ತ ಎಂಬ ಹೆಸರು, ಸಮ ಚಿಹ್ನೆ, 2, ಕೂಡು, 3, ಗುಣಿಸು, 4. ಎರಡನೆಯ ಹಂತದಲ್ಲಿ ಯಾವ ತುಣುಕು ಯಾವುದಕ್ಕೆ ಸೇರುತ್ತದೆ ಎಂದು ವ್ಯಾಕರಣದ ನಿಯಮದಿಂದ ತೀರ್ಮಾನಿಸುತ್ತದೆ. ಈ ಹಂತಕ್ಕೆ ಪಾರ್ಸಿಂಗ್ ಎಂದೂ ಅದನ್ನು ಮಾಡುವ ಭಾಗಕ್ಕೆ ಪಾರ್ಸರ್ ಎಂದೂ ಹೆಸರು. ಮೊದಲು ಕೂಡಿದರೆ ಉತ್ತರ 20, ಮೊದಲು ಗುಣಿಸಿದರೆ 14. ಪಾರ್ಸರ್ 14ರ ದಾರಿಯನ್ನೇ ಹಿಡಿಯಬೇಕು.

ಇದು ನಮ್ಮ ಕನ್ನಡ ತರಗತಿಯ ಪದವಿಭಾಗಕ್ಕೆ ಬಹಳ ಹತ್ತಿರ. "ಹಳೆಯ ಶಾಲೆಯ ಗಂಟೆ" ಎಂದರೆ ಹಳೆಯದು ಯಾವುದು, ಶಾಲೆಯೋ ಗಂಟೆಯೋ? ನಾವು ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಯಂತ್ರಕ್ಕೆ ಆ ಶಕ್ತಿ ಇಲ್ಲದ್ದರಿಂದ ಪ್ರೋಗ್ರಾಂ ಭಾಷೆಯ ವ್ಯಾಕರಣದಲ್ಲಿ ಇಂಥ ಎರಡರ್ಥಕ್ಕೆ ಅವಕಾಶ ಉಳಿಸುವಂತಿಲ್ಲ.

ಮೂರನೆಯ ಹಂತ ಅರ್ಥದ ಪರೀಕ್ಷೆ. ಹತ್ತು ಕೆ.ಜಿ. ರೇಷ್ಮೆಗೂಡಿಗೆ ಮಂಗಳವಾರವನ್ನು ಕೂಡಿಸು ಎಂದು ಬರೆದರೆ ವ್ಯಾಕರಣ ಸರಿಯಿದ್ದರೂ ಅರ್ಥವಿಲ್ಲ. ಅದನ್ನು ಹಿಡಿದು ನಿಲ್ಲಿಸಬೇಕು. ನಾಲ್ಕನೆಯದು ಸುಧಾರಣೆ: 2 + 3 * 4 ಎಂದಿಗೂ 14 ಆದ್ದರಿಂದ ಕಂಪೈಲರ್ ಈಗಲೇ ಲೆಕ್ಕ ಮಾಡಿ 14 ಎಂದು ಬರೆದಿಡುತ್ತದೆ. ಕೊನೆಗೆ ಯಂತ್ರದ ಆಜ್ಞೆಗಳನ್ನು ಹೊರಡಿಸುತ್ತದೆ.

ಮಗ್ಗದಿಂದ ಫೋರ್ಟ್ರಾನ್‌ವರೆಗೆ

ಯಂತ್ರಕ್ಕೆ ಆಜ್ಞೆಯನ್ನು ಬರೆದು ಕೊಡುವ ಯೋಚನೆ ರೇಷ್ಮೆಯಿಂದ ಬಲ ಪಡೆಯಿತು ಎಂದರೆ ಶಿಡ್ಲಘಟ್ಟದವರಿಗೆ ಸಂತೋಷವಾಗಬಹುದು. ಫ್ರಾನ್ಸಿನ ಲಿಯಾನ್ ರೇಷ್ಮೆ ನೇಯ್ಗೆಯ ಊರು. ಅಲ್ಲಿನ ಜೋಸೆಫ್ ಮರಿ ಜಕಾರ್ಡ್ 1804ರ ವೇಳೆಗೆ ರೂಪಿಸಿದ ಮಗ್ಗದಲ್ಲಿ, ತೂತು ಕೊರೆದ ರಟ್ಟುಗಳು ಯಾವ ಎಳೆ ಮೇಲೇಳಬೇಕು ಎಂದು ಹೇಳುತ್ತಿದ್ದವು. ಆ ರಟ್ಟುಗಳ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಆ ಯಂತ್ರದ ಬಗ್ಗೆ ಏಡಾ ಲವ್‌ಲೇಸ್ 1843ರಲ್ಲಿ ಪ್ರಕಟಿಸಿದ ಟಿಪ್ಪಣಿಗಳಲ್ಲಿ, ಅದು ಲೆಕ್ಕವನ್ನು ಹಂತ ಹಂತವಾಗಿ ಹೇಗೆ ಮಾಡಬೇಕೆಂಬ ಪಟ್ಟಿಯಿದೆ. ನಮ್ಮ ಕಡೆಯ ಕಚ್ಚಾ ರೇಷ್ಮೆ ಸೀರೆಯಾಗುವ ಮಗ್ಗಗಳಲ್ಲಿ ಇಂದಿಗೂ ಜಕಾರ್ಡ್ ಎಂಬ ಹೆಸರು ಕೇಳಿಬರುತ್ತದೆ.

ಎಲೆಕ್ಟ್ರಾನಿಕ್ ಕಂಪ್ಯೂಟರ್‌ಗಳು ಬಂದ ಹೊಸತರಲ್ಲಿ ಎಲ್ಲವನ್ನೂ ಅಂಕಿಗಳಲ್ಲೇ ಬರೆಯಬೇಕಿತ್ತು. ಅಮೆರಿಕದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆ 1952ರಲ್ಲಿ ಎ-0 ಎಂಬ ವ್ಯವಸ್ಥೆ ಮಾಡಿ, ಯಂತ್ರದಿಂದಲೇ ಪ್ರೋಗ್ರಾಂ ಜೋಡಿಸುವ ದಾರಿ ತೋರಿಸಿದರು. ಅದಾದ ಮೇಲೆ ಅಂಕಿಗಳ ಬದಲು ಮಾತಿನಲ್ಲೇ ಆಜ್ಞೆ ಬರೆಯಬಹುದು ಎಂದು ಹೊರಟರು. ಆಗ ನಡೆದ ಸಂಗತಿಯೊಂದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕಂಪನಿಯ ಮೇಲಧಿಕಾರಿಗಳಿಗೆ ಮೊದಲು ಇಂಗ್ಲಿಷ್ ಪದಗಳ ಪ್ರೋಗ್ರಾಂ ತೋರಿಸಿ, ಅದನ್ನೇ ಫ್ರೆಂಚ್ ಪದಗಳಲ್ಲೂ ಜರ್ಮನ್ ಪದಗಳಲ್ಲೂ ಬರೆದು ತೋರಿಸಿದರು. ಯಂತ್ರಕ್ಕೆ ಮೂರೂ ಒಂದೇ, ಪದಗಳ ಪಟ್ಟಿ ಬದಲಾದರೆ ಸಾಕು. ಅಧಿಕಾರಿಗಳು ಗಾಬರಿಯಾದರು. ಅಮೆರಿಕದಲ್ಲಿ ತಯಾರಾದ ಯಂತ್ರ ಫ್ರೆಂಚ್, ಜರ್ಮನ್ ತಿಳಿಯುವುದುಂಟೇ ಎಂದರು! ಇಂಗ್ಲಿಷ್ ಮಾತ್ರ ಎಂದು ಹಾಪರ್ ಒಪ್ಪಿದ ಮೇಲೆಯೇ ಕೆಲಸ ಮುಂದುವರಿಯಿತು.

ಈ ಪ್ರಸಂಗವನ್ನು ನಮ್ಮ ಮಕ್ಕಳಿಗೆ ತಪ್ಪದೆ ಹೇಳಬೇಕು. ಕಂಪ್ಯೂಟರ್ ಭಾಷೆಗಳಲ್ಲಿ ಇಂಗ್ಲಿಷ್ ಪದಗಳಿರುವುದು ಯಂತ್ರದ ಸ್ವಭಾವದಿಂದಲ್ಲ. ಅದನ್ನು ಕಟ್ಟಿದವರು, ಅದಕ್ಕೆ ಹಣ ಕೊಟ್ಟವರು ಆಡುತ್ತಿದ್ದ ಭಾಷೆ ಅದಾಗಿತ್ತು, ಅಷ್ಟೆ. ಸೋವಿಯತ್ ಒಕ್ಕೂಟದ ಶಾಲೆಗಳಲ್ಲಿ 1985ರಲ್ಲಿ ಕಂಪ್ಯೂಟರ್ ಪಾಠ ಆರಂಭವಾದಾಗ ಆಂದ್ರೇ ಎರ್ಶೋವ್ ಮಕ್ಕಳಿಗಾಗಿ ರಷ್ಯನ್ ಪದಗಳಿದ್ದ ಭಾಷೆಯನ್ನೇ ಕೊಟ್ಟರು. ಕಂಪ್ಯೂಟರ್ ಅದರಿಂದ ಏನೂ ತೊಂದರೆಪಡಲಿಲ್ಲ.

1957ರಲ್ಲಿ ಐ.ಬಿ.ಎಂ. ಕಂಪನಿಯ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಕಂಪೈಲರ್ ಹೊರತಂದಿತು. ಯಂತ್ರ ಮಾಡಿದ ಅನುವಾದ, ನುರಿತವರು ಕೈಯಲ್ಲಿ ಬರೆದಷ್ಟು ಚುರುಕಾಗಿ ಓಡಲಾರದು ಎಂದು ಆಗ ಬಹಳ ಜನ ನಂಬಿದ್ದರು. ಬ್ಯಾಕಸ್ ತಂಡ ಸುಧಾರಣೆಯ ಹಂತಕ್ಕೆ ಹೆಚ್ಚು ಶ್ರಮ ಹಾಕಿ ಆ ಅನುಮಾನ ಕಳೆಯಿತು. ವಿಜ್ಞಾನಿಗಳಿಗೆ ತಾವೇ ಪ್ರೋಗ್ರಾಂ ಬರೆಯುವುದು ಇದರಿಂದ ಸುಲಭವಾಯಿತು.

ಪಾಣಿನಿ, ಕೇಶಿರಾಜರ ನೆನಪು

ಭಾಷೆ ಬಂತು, ಅದರ ನಿಯಮವನ್ನು ಗೊಂದಲವಿಲ್ಲದೆ ಬರೆದಿಡುವುದು ಹೇಗೆ? ಅದೇ ಬ್ಯಾಕಸ್ ಒಂದು ಸಂಕೇತ ಕ್ರಮ ಸೂಚಿಸಿದರು. ಡೆನ್ಮಾರ್ಕಿನ ಪೀಟರ್ ನೌರ್ ಅದನ್ನು ತಿದ್ದಿ 1960ರ ಆಲ್ಗಾಲ್ ಭಾಷೆಯ ವರದಿಯಲ್ಲಿ ಬಳಸಿದರು. ಇಬ್ಬರ ಹೆಸರೂ ಸೇರಿ ಅದಕ್ಕೆ ಬ್ಯಾಕಸ್-ನೌರ್ ರೂಪ ಎಂದು ಹೆಸರಾಯಿತು. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬುವರು ಅಮೆರಿಕದ ಕಂಪ್ಯೂಟರ್ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಇಂಥ ಕ್ರಮವನ್ನು ಪಾಣಿನಿ ಬಹು ಹಿಂದೆಯೇ ಬಳಸಿದ್ದರಿಂದ ಪಾಣಿನಿ-ಬ್ಯಾಕಸ್ ರೂಪ ಎನ್ನುವುದು ಸರಿ ಎಂದು ಸೂಚಿಸಿದರು. ಹೆಸರು ಬದಲಾಗಲಿಲ್ಲ, ಆದರೆ ಸಾಮ್ಯ ನಿಜ. ಸುಮಾರು ನಾಲ್ಕು ಸಾವಿರ ಚಿಕ್ಕ ಸೂತ್ರಗಳು, ಒಂದು ಸೂತ್ರದ ಫಲವನ್ನು ಇನ್ನೊಂದು ಸೂತ್ರ ಬಳಸಿಕೊಳ್ಳುವ ಕ್ರಮ, ಗೊಂದಲ ಬಂದರೆ ಯಾವುದು ಮೇಲು ಎಂಬ ನಿಯಮ, ಎಲ್ಲವೂ ಅಷ್ಟಾಧ್ಯಾಯಿಯಲ್ಲಿವೆ. ಪಾಣಿನಿ ಕಂಪ್ಯೂಟರ್ ಕಂಡುಹಿಡಿದ ಎನ್ನುವುದು ಉತ್ಪ್ರೇಕ್ಷೆ. ಭಾಷೆಯನ್ನು ನಿಯಮಗಳಲ್ಲಿ ಹಿಡಿಯುವ ಶಿಸ್ತು ನಮ್ಮಲ್ಲಿ ಹಳೆಯದು ಎನ್ನುವುದು ಸತ್ಯ.

ಆ ಶಿಸ್ತು ಕನ್ನಡಕ್ಕೂ ಬಂತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1604ರಲ್ಲಿ ಭಟ್ಟಾಕಳಂಕನ 592 ಸೂತ್ರಗಳ ಕರ್ನಾಟಕ ಶಬ್ದಾನುಶಾಸನ. ನಾವು ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಸಂಧಿಗಳು ಈ ಪರಂಪರೆಯವು. ಊರು, ಅಲ್ಲಿ ಸೇರಿ ಊರಲ್ಲಿ ಆದರೆ ಲೋಪ. ಮನೆ, ಅನ್ನು ಸೇರಿ ಮನೆಯನ್ನು ಆದರೆ ಆಗಮ. ಮಳೆ, ಕಾಲ ಸೇರಿ ಮಳೆಗಾಲ ಆದರೆ ಆದೇಶ. "ಇಂಥದ್ದರ ಮುಂದೆ ಇಂಥದ್ದು ಬಂದರೆ ಹೀಗೆ ಮಾಡು" ಎಂಬ ಈ ಮಾದರಿಯೇ ಪಾರ್ಸರ್ ಬರೆಯುವವನ ನಿತ್ಯದ ಕೆಲಸ. ಬಿ.ಇ.ಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಂತೆ ಲೆಕ್ಸ್ ಮತ್ತು ಯಾಕ್ ಎಂಬ ಎರಡು ಉಪಕರಣಗಳನ್ನು ಕಲಿತೆ. ಎರಡೂ 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದವು. ಲೆಕ್ಸ್‌ಗೆ ಪದಗಳ ಮಾದರಿ, ಯಾಕ್‌ಗೆ ವ್ಯಾಕರಣದ ನಿಯಮ ಬರೆದುಕೊಟ್ಟರೆ ಪಾರ್ಸರ್ ತಾನಾಗಿ ತಯಾರಾಗುತ್ತದೆ. ಆ ನಿಯಮಗಳನ್ನು ನೋಡಿದಾಗ ನನಗೆ ಹೊಸದೆನಿಸಲಿಲ್ಲ. ಸಂಧಿ, ಸಮಾಸಗಳನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ ನಮ್ಮ ಕನ್ನಡ ಮೇಷ್ಟರಿಗೆ ಅದರ ಪುಣ್ಯ ಸಲ್ಲಬೇಕು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಪ್ರೋಗ್ರಾಂ ಬರೆಯುವ ವಿದ್ಯೆ ಹರಡಿದ್ದರಲ್ಲಿ ಪ್ರೊ. ವಿ. ರಾಜಾರಾಮನ್ ಅವರ ಪಾತ್ರ ದೊಡ್ಡದು. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಕಂಪ್ಯೂಟರ್ ಬಂದಾಗ ಅಲ್ಲಿ ಫೋರ್ಟ್ರಾನ್ ಕಲಿಸಿದವರಲ್ಲಿ ಅವರು ಪ್ರಮುಖರು. ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯ ಪಠ್ಯಪುಸ್ತಕಗಳನ್ನೂ ಬರೆದರು. 1982ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುವ ಅದೇ ಸಂಸ್ಥೆಯಲ್ಲಿ ಕಂಪೈಲರ್ ಸಂಶೋಧನೆಯೂ ಬೆಳೆಯಿತು. ಪ್ರೊ. ವೈ.ಎನ್. ಶ್ರೀಕಾಂತ್ ಮತ್ತು ಪ್ರೊ. ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ವಿದೇಶೀ ಪ್ರಕಾಶಕರಿಂದ ಪ್ರಕಟವಾಯಿತು. ಶ್ರೀಕಾಂತ್ ಅವರ ಕಂಪೈಲರ್ ಪಾಠಗಳು ಎನ್.ಪಿ.ಟಿ.ಇ.ಎಲ್. ಮೂಲಕ ಉಚಿತವಾಗಿ ಸಿಗುತ್ತವೆ. ಚಿಂತಾಮಣಿಯ ಹುಡುಗಿಯೊಬ್ಬಳು ಮನೆಯಲ್ಲಿ ಮೊಬೈಲ್ ಹಿಡಿದು ಅವನ್ನು ಕೇಳಬಹುದು.

ಅಲ್ಲಿಯೇ ಪ್ರಾಧ್ಯಾಪಕರಾಗಿರುವ ಉದಯ್ ಬೊಂಡುಗುಲ ಅವರು ಪ್ಲೂಟೊ ಎಂಬ ಸಾಧನ ರೂಪಿಸಿದವರು. ಅದರ ಕೆಲಸವನ್ನು ಹಿಪ್ಪುನೇರಳೆ ತೋಟದಿಂದ ವಿವರಿಸುತ್ತೇನೆ. ಸೊಪ್ಪು ಕೊಯ್ಯುವವರು ಒಂದೊಂದು ಗಿಡಕ್ಕೂ ತೋಟದ ಈ ತುದಿಯಿಂದ ಆ ತುದಿಗೆ ಓಡಾಡಿದರೆ ಕಾಲುನೋವೇ ಹೆಚ್ಚು. ತೋಟವನ್ನು ಮಡಿಗಳಾಗಿ ವಿಂಗಡಿಸಿ, ಒಂದು ಮಡಿ ಮುಗಿಸಿ ಮುಂದಿನದಕ್ಕೆ ಹೋದರೆ, ನಾಲ್ಕು ಜನ ನಾಲ್ಕು ಮಡಿ ಹಂಚಿಕೊಂಡರೆ, ಅದೇ ಕೆಲಸ ಬೇಗ ಮುಗಿಯುತ್ತದೆ. ಕಂಪ್ಯೂಟರ್ ಕೂಡ ನೆನಪಿನ ಕೋಶಗಳ ನಡುವೆ ಹೀಗೆಯೇ ಓಡಾಡುತ್ತದೆ. ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ನಡೆಯುವ ಲೆಕ್ಕಗಳನ್ನು ಮಡಿಗಳಾಗಿ ತಾನೇ ಹಂಚಿ ಜೋಡಿಸುವುದು ಪ್ಲೂಟೊದ ಕೆಲಸ. ಉತ್ತರ ಬದಲಾಗಬಾರದು, ವೇಗ ಹೆಚ್ಚಬೇಕು. ಇಂದಿನ ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆ ಈ ಬಗೆಯ ವಿದ್ಯೆ ಬಹಳ ಬೇಕಾಗಿದೆ.

ಕನ್ನಡದ ಪದಗಳಲ್ಲಿಯೇ ಪ್ರೋಗ್ರಾಂ ಬರೆಯುವ ಪ್ರಯತ್ನವೂ ನಮ್ಮಲ್ಲಿ ಆಗಿದೆ. ಲೋಗೋ ಎಂಬುದು 1967ರಲ್ಲಿ ಸೇಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫ್ಯೂರ್‌ಜಿಗ್ ಅವರು ಮಕ್ಕಳಿಗಾಗಿ ರೂಪಿಸಿದ ಭಾಷೆ. ಪರದೆಯ ಮೇಲಿನ ಆಮೆಗೆ ನೂರು ಹೆಜ್ಜೆ ಮುಂದೆ ಹೋಗು, ತೊಂಬತ್ತು ಡಿಗ್ರಿ ಬಲಕ್ಕೆ ತಿರುಗು ಎಂದು ನಾಲ್ಕು ಸಲ ಹೇಳಿದರೆ ಚೌಕ ಮೂಡುತ್ತದೆ. ಜ್ಯಾಮಿತಿ ಆಟವಾಗುತ್ತದೆ. ಅಂತರಜಾಲದಲ್ಲಿ ವಿಶ್ವಕನ್ನಡ ಪತ್ರಿಕೆಯನ್ನು 1996ರಲ್ಲಿ ಆರಂಭಿಸಿದ ಡಾ. ಯು.ಬಿ. ಪವನಜ ಅವರು ಈ ಲೋಗೋವನ್ನು ಕನ್ನಡದಲ್ಲಿ ಸಿದ್ಧಪಡಿಸಿದರು. ಅದಕ್ಕೆ ಮಂಥನ್ ಪ್ರಶಸ್ತಿಯೂ ಬಂತು. ಹಾಪರ್ ತೋರಿಸಿದ ಪದಪಟ್ಟಿಯ ಸತ್ಯ ಕನ್ನಡದಲ್ಲಿ ಕಣ್ಣಿಗೆ ಕಂಡದ್ದು ಹೀಗೆ.

ಇದರ ಹಿಂದೆ ಇನ್ನೆಷ್ಟೋ ಜನರ ದುಡಿಮೆಯಿದೆ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಸಹಜವಾದ ಕೀಲಿಮಣೆ ವಿನ್ಯಾಸ ಕೊಟ್ಟರು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ದೊರಕಿತು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾಯಿತು. ಮೇಲಿನ "ಮೊತ್ತ = 2 + 3 * 4" ಎಂಬ ಸಾಲು ಪೈಥಾನ್‌ನಲ್ಲಿ ಇದ್ದಂತೆಯೇ ಓಡುತ್ತದೆ. ಆಸಕ್ತರು ಪ್ರಯೋಗಿಸಿ ನೋಡಬಹುದು.

ಆದರೂ ಕೆಲವು ತೊಡಕುಗಳಿವೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ಟ್' ಆದ ಮೇಲೆ 'ವ' ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತೇವೆ. ಆ ಸಂಕೇತವಿರುವ ಹೆಸರನ್ನು ಪೈಥಾನ್ ಒಪ್ಪುವುದಿಲ್ಲ, ತಪ್ಪು ಎಂದು ನಿಲ್ಲಿಸುತ್ತದೆ. 2009ರ ಮಾನಕದ ನಂತರದ ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಕಾಣದ ಸಂಕೇತದಿಂದ ಬಂದ ತಪ್ಪನ್ನು ಮಗು ಹೇಗೆ ಹುಡುಕಬೇಕು? ಕನ್ನಡ ಬರೆಯುವವರು ಇಂಥ ಉಪಕರಣ ಕಟ್ಟುವ ಕೆಲಸದಲ್ಲೂ ಇರಬೇಕು ಎನ್ನುವುದು ಇದಕ್ಕೇ.

ಗೋಡೆ ಎಲ್ಲಿದೆ?

ಈಗ ಗೆಳೆಯನ ಮಾತಿಗೆ ಉತ್ತರ ಹೇಳಬಹುದು. 1989ರ ಮಾನಕದ ಪ್ರಕಾರ ಸಿ ಭಾಷೆಯ ಮೀಸಲು ಪದಗಳು 32. ಇಂದಿನ ಪೈಥಾನ್‌ನಲ್ಲಿ 35. ಸಂಧಿ, ಸಮಾಸ, ವಿಭಕ್ತಿ ಕಲಿತ ಮಕ್ಕಳಿಗೆ ಮೂವತ್ತೈದು ಪದ ದೊಡ್ಡದಲ್ಲ. ಇಫ್ ಎಂದರೆ 'ಆದರೆ', ವೈಲ್ ಎಂದರೆ 'ಆಗಿರುವ ತನಕ ಮಾಡು' ಎಂದು ಒಂದು ವಾರದಲ್ಲಿ ತಿಳಿಯುತ್ತದೆ.

ಗೋಡೆ ಇರುವುದು ಭಾಷೆಯ ಸುತ್ತಲಿನ ಉಪಕರಣಗಳಲ್ಲಿ. ಪ್ರೋಗ್ರಾಂನಲ್ಲಿ ತಪ್ಪು ಕಂಡಾಗ ಕಂಪೈಲರ್ ಕೊಡುವ ಸಂದೇಶ, ವಿವರಣೆಯ ಪುಸ್ತಕ, ಸಹಾಯದ ಪುಟ, ಇವೆಲ್ಲ ಇಂಗ್ಲಿಷಿನಲ್ಲಿವೆ. ತಪ್ಪು ಎಲ್ಲಿದೆ ಎಂದು ಯಂತ್ರ ಹೇಳುತ್ತಿದೆ, ಆದರೆ ಮಗುವಿಗೆ ಅರ್ಥವಾಗುತ್ತಿಲ್ಲ. ತರಗತಿಯಲ್ಲಿ ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿ, ಏಕೆ ತಪ್ಪು ಎಂದು ತಿಳಿಯದ ಭಾಷೆಯಲ್ಲಿ ಬರೆದರೆ ಹೇಗೋ ಹಾಗೆ. ಮಗು ತನಗೆ ಬುದ್ಧಿ ಸಾಲದು ಎಂದುಕೊಳ್ಳುತ್ತದೆ. ಸಾಲದೇ ಇರುವುದು ಸಂದೇಶದ ಅನುವಾದ ಮಾತ್ರ.

ಈ ಗೋಡೆ ಒಡೆಯಲು ಹೊಸ ಕಂಪೈಲರ್ ಬೇಕಿಲ್ಲ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಜಿ.ಸಿ.ಸಿ. ಎಂಬ ಉಚಿತ ಕಂಪೈಲರ್‌ನ ಸಂದೇಶಗಳನ್ನು ಅನುವಾದಿಸಲು ಪ್ರತ್ಯೇಕ ಕಡತಗಳ ವ್ಯವಸ್ಥೆಯಿದೆ. ಅದರಿಂದಲೇ ಅವು ಫ್ರೆಂಚ್, ಜರ್ಮನ್, ಜಪಾನಿ ಭಾಷೆಗಳಲ್ಲೂ ಬರುತ್ತವೆ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುವುದು ಸ್ವಯಂಸೇವಕರು ಇಂಥದೇ ಕೆಲಸ ಮಾಡಿದ್ದರಿಂದ. ಇದಕ್ಕೆ ಬೇಕಾದದ್ದು ಸರಳ ಕನ್ನಡ ಬಲ್ಲವರು ಮತ್ತು ವಿಷಯ ಬಲ್ಲವರು ಒಟ್ಟಿಗೆ ಕೂರುವುದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರೂ ಇದ್ದಾರೆ.

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಉನ್ನತ ಓದಿಗೆ, ಉದ್ಯೋಗಕ್ಕೆ ಅದು ಬೇಕು, ಮಕ್ಕಳು ಶ್ರದ್ಧೆಯಿಂದ ಕಲಿಯಲಿ. ಆದರೆ ಇಂಗ್ಲಿಷ್ ಕಲಿತ ಮೇಲೆಯೇ ಯೋಚಿಸಲು ಆರಂಭಿಸಬೇಕು ಎಂಬುದು ಸರಿಯಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದರು. ಕಂಪ್ಯೂಟರ್ ನಮ್ಮಂಥವರಿಗಲ್ಲ ಎಂಬ ಮಾತೂ ಪ್ರಶ್ನೆ ಮಾಡದೆ ಒಪ್ಪಿಕೊಂಡ ಮಾತುಗಳಲ್ಲಿ ಒಂದು.

ಆದ್ದರಿಂದ ಕೆಲವು ವಿನಂತಿಗಳು. ಗುರುಗಳೇ, ಸಂಧಿ ಬಿಡಿಸುವ ಪಾಠ ಮಾಡುವಾಗ ಪಾರ್ಸರ್ ಮಾಡುವುದೂ ಇಂಥದೇ ಕೆಲಸ ಎಂದು ಒಂದು ಮಾತು ಹೇಳಿ. ತಂದೆತಾಯಂದಿರೇ, ಕನ್ನಡ ಮಾಧ್ಯಮದ ಮಗು ಎಂಬ ಕಾರಣಕ್ಕೆ ಅದರ ಆಸೆಗೆ ಗಡಿ ಹಾಕಬೇಡಿ. ಎಂಜಿನಿಯರ್ ಆಗಿರುವ ಹಳೆಯ ವಿದ್ಯಾರ್ಥಿ ಮಿತ್ರರೇ, ಮಕ್ಕಳು ಹೆಚ್ಚಾಗಿ ಎದುರಿಸುವ ಐವತ್ತು ತಪ್ಪು ಸಂದೇಶಗಳನ್ನು ಆರಿಸಿ, ಅವುಗಳ ಅರ್ಥ ಮತ್ತು ಪರಿಹಾರವನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆದು ಶಾಲೆಯ ಕಂಪ್ಯೂಟರ್ ಕೊಠಡಿಯ ಗೋಡೆಗೆ ಹಾಕೋಣ. ಶಾಲೆಗೆ ಐವತ್ತು ವರ್ಷ, ಸಂದೇಶವೂ ಐವತ್ತು. ಮೊದಲ ಹತ್ತನ್ನು ನಾನು ಬರೆದು ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. ಉಳಿದ ನಲವತ್ತಕ್ಕೆ ನಿಮ್ಮ ಕೈ ಬೇಕು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ನೆಲ ಇದು. ಶತಮಾನೋತ್ಸವದ ಸಂಚಿಕೆಯಲ್ಲಿ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬರು ತಾವೇ ಕಟ್ಟಿದ ಕಂಪೈಲರ್ ಬಗ್ಗೆ ಬರೆಯುವಂತಾಗಲಿ.